ದಾವಣಗೆರೆ, ದುರ್ಗದ ನೀರಿನಲ್ಲಿ ಅಕ್ವೇರಿಯಂ: ಪಿಎಚ್ ಮತ್ತು ಫಿಲ್ಟರ್ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಯಾವುದಾದರೂ ಅಕ್ವೇರಿಯಂ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಯಾರಾದರೂ ಬಂದು ಕೇಳುತ್ತಾರೆ: “ಅಣ್ಣಾ, ನಮ್ಮ ಟ್ಯಾಂಕಲ್ಲಿ ಪಿಎಚ್ ಎಂಟು ದಾಟೈತಿ, ಇಳಿಸೋಕೆ ಏನಾದ್ರೂ ಕೊಡ್ರಿ.” ಅಂಗಡಿಯವರು ಒಂದು ಬಾಟ್ಲಿ ಕೊಡುತ್ತಾರೆ. ಸಂಜೆಗೆ ಪಿಎಚ್ ಏಳಕ್ಕೆ ಇಳಿಯುತ್ತದೆ, ಮಾರನೇ ದಿನ ಮತ್ತೆ ಎಂಟಕ್ಕೆ ಬಂದು ನಿಲ್ಲುತ್ತದೆ. ಮತ್ತೆ ನಾಲ್ಕು ಹನಿ. ವಾರದೊಳಗೆ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತವೆ. ಎಂಟರ ನೀರಿನಲ್ಲಿ ಆರಾಮಾಗಿ ಇರಬಹುದಾಗಿದ್ದ ಮೀನು, ಏಳು ಎಂಟರ ನಡುವಿನ ಎಳೆದಾಟದಲ್ಲಿ ಸೋಲುತ್ತವೆ.

ಪಿಎಚ್ ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ, ನಮಗೆ ಕಾಣುವ ಅಂಕಿ: ಏಳರ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ. ಅದನ್ನು ಹಿಡಿದು ನಿಲ್ಲಿಸಿರುವುದು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್, ಅಂದರೆ ಕೆಎಚ್. ಆ ಕೆಎಚ್ ಅನ್ನು ದಿನಾ ಸ್ವಲ್ಪ ಸ್ವಲ್ಪ ಕರಗಿಸುತ್ತಿರುವುದು ನಿಮ್ಮ ಫಿಲ್ಟರ್‌ನ ಬ್ಯಾಕ್ಟೀರಿಯಾ. ಈ ಮೂರನ್ನೂ ಒಂದೇ ಲೆಕ್ಕವಾಗಿ ನೋಡಿದರೆ ಟ್ಯಾಂಕ್ ಸುಲಭ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೈಗೆ ಸಿಗುವುದಿಲ್ಲ.

ನಿಮ್ಮ ಮನೆಗೆ ಬರುವುದು ಯಾವ ನೀರು?

ದಾವಣಗೆರೆ ನಗರದ ನಲ್ಲಿಗೆ ಬರುವುದು ಭದ್ರಾ ಕಾಲುವೆಯಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ ನೀರು, ಜೊತೆಗೆ ತುಂಗಭದ್ರಾ ಹೊಳೆಯ ನೀರು. ಚಿತ್ರದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರದಿಂದ, ಮತ್ತು ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರದಿಂದ ನೀರು ಬರುತ್ತದೆ. ಇದೆಲ್ಲ ಹೊಳೆ, ಕೆರೆಯ ನೀರು. ಬೋರ್ ನೀರಿಗೆ ಹೋಲಿಸಿದರೆ ಮೆದು. ಆದರೆ ಇದರಲ್ಲಿ ಕ್ಲೋರಿನ್ ಇರುತ್ತದೆ.

ಬೋರ್ ನೀರಿನ ಕಥೆ ಬೇರೆ. ನಮ್ಮ ಕಲ್ಲು ನೆಲದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಬರುವ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲವನ್ನೂ ಹೊತ್ತು ತರುತ್ತದೆ. ಇದನ್ನು ತಿಳಿಯಲು ಕಿಟ್ ಬರುವ ಮೊದಲೇ ನಮ್ಮ ಅಡುಗೆಮನೆ ಸಾಕ್ಷಿ ಹೇಳುತ್ತದೆ: ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕೂರುತ್ತದೆ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಪೊರೆ ಬೆಳೆಯುತ್ತದೆ. ಬೇಳೆ ಬೇಯದ ನೀರು ಅಂದರೆ ಸಾಮಾನ್ಯವಾಗಿ ಪಿಎಚ್ 8ರ ಆಸುಪಾಸು, ಕೆಎಚ್ ಎರಡಂಕಿಯಲ್ಲಿ ಅಂದುಕೊಂಡೇ ಪರೀಕ್ಷೆ ಶುರು ಮಾಡಿ.

ತೊಂದರೆ ಏನೆಂದರೆ ನಮ್ಮಲ್ಲಿ ಬಹಳ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನಲ್ಲಿ ಬಂದ ದಿನ ಕಾಲುವೆ ನೀರು, ಬರದ ದಿನ ಬೋರ್, ಏಪ್ರಿಲ್‌ನಲ್ಲಿ ಟ್ಯಾಂಕರ್. ಹೋದ ವಾರ ಅಳೆದ ನೀರು ಈ ವಾರ ಸಂಪಿನಲ್ಲಿ ಇಲ್ಲ. “ಪ್ರತಿ ವಾರ ನೀರು ಬದಲಿಸ್ತೀನಿ, ಆದರೂ ಮೀನು ಸಾಯ್ತವೆ” ಅನ್ನುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ. ಅದಕ್ಕಾಗಿ ಅಕ್ವೇರಿಯಂಗೆ ಅಂತ ಒಂದು ಪ್ಲಾಸ್ಟಿಕ್ ಡ್ರಮ್ ಬೇರೆ ಇಡಿ. ಒಂದೇ ಮೂಲದ ನೀರನ್ನು ಅದರಲ್ಲಿ ಹಿಡಿದು ಬಳಸಿ. ಇಡೀ ಬರಹದಲ್ಲಿ ಒಂದೇ ಒಂದು ಸಲಹೆ ಪಾಲಿಸುತ್ತೀರಿ ಎಂದಾದರೆ ಈ ಡ್ರಮ್ಮನ್ನೇ ಆರಿಸಿಕೊಳ್ಳಿ.

ಮೂರನೆಯ ಮೂಲವೂ ನಮಗಿದೆ. ಜಗಳೂರು, ಚಳ್ಳಕೆರೆ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬ ಕಾರಣಕ್ಕೆ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ, ಲವಣ ಬಹುತೇಕ ಸೋಸಿ ತೆಗೆದ ಆ ಆರ್‌ಒ ನೀರು ಅಕ್ವೇರಿಯಂ ಇಟ್ಟವರಿಗೆ ದೊಡ್ಡ ಅನುಕೂಲ. ಬಳಸುವ ಬಗೆ ಮುಂದೆ ಹೇಳುತ್ತೇನೆ.

ಅಳೆಯಲು ಏನೇನು ಬೇಕು

ಹನಿ ಹಾಕಿ ಬಣ್ಣ ನೋಡುವ ದ್ರವದ ಕಿಟ್ ತಗೊಳ್ಳಿ. ಪೇಪರ್ ಪಟ್ಟಿಗಳು ಅಂದಾಜಿಗೆ ಮಾತ್ರ. ನಮ್ಮ ತೇವದ ಮಳೆಗಾಲದಲ್ಲಿ ಡಬ್ಬಿ ತೆರೆದ ಕೆಲವೇ ವಾರಗಳಲ್ಲಿ ಕೆಡುತ್ತವೆ. ಬೇಕಾದವು ಐದು: ಪಿಎಚ್, ಕೆಎಚ್, ಅಮೋನಿಯ, ನೈಟ್ರೈಟ್, ನೈಟ್ರೇಟ್. ಎಪಿಐ ಕಂಪನಿಯ ಮಾಸ್ಟರ್ ಕಿಟ್ ಕೊಳ್ಳುವವರು ಒಂದು ವಿಷಯ ಗಮನಿಸಿ, ಅದರಲ್ಲಿ ಕೆಎಚ್ ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಅದರ ಮಾಮೂಲಿ ಪಿಎಚ್ ಬಾಟ್ಲಿ 7.6ರವರೆಗೆ ಮಾತ್ರ ತೋರಿಸುತ್ತದೆ, ನೀರು 8.4 ಇದ್ದರೂ ಕಾಣುವುದು 7.6ರ ನೀಲಿಯೇ. ಬೋರ್ ನೀರಿನವರು ಕಿಟ್‌ನಲ್ಲೇ ಇರುವ ಹೈ ರೇಂಜ್ ಬಾಟ್ಲಿ ಬಳಸಬೇಕು.

ಪೆನ್ನಿನ ಥರದ ಹಳದಿ ಪಿಎಚ್ ಮೀಟರ್ ಕೆಟ್ಟದ್ದೇನಲ್ಲ, ಆದರೆ ಅದರ ಜೊತೆ ಬರುವ 6.86 ಮತ್ತು 4.01ರ ಪುಡಿ ಪೊಟ್ಟಣಗಳನ್ನು ಬಿಸಾಡಬೇಡಿ. ಹೇಳಿದಷ್ಟು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಮೀಟರನ್ನು ತಿಂಗಳಿಗೊಮ್ಮೆಯಾದರೂ ಸರಿ ಮಾಡಿಕೊಳ್ಳಿ. ಸರಿ ಮಾಡದ ಮೀಟರ್ ಅರ್ಧ ಅಂಕಿ ಆಚೀಚೆ ತೋರಿಸುವುದು ಮಾಮೂಲು.

ಟಿಡಿಎಸ್ ಮೀಟರ್ ಈಗ ಎಲ್ಲರ ಮನೆಯಲ್ಲೂ ಇದೆ. ಅದು ಕರಗಿದ ಲವಣಗಳ ಒಟ್ಟು ಅಂದಾಜು ಹೇಳುತ್ತದೆಯೇ ಹೊರತು ಪಿಎಚ್ ಆಗಲಿ ಕೆಎಚ್ ಆಗಲಿ ಹೇಳುವುದಿಲ್ಲ. ಟಿಡಿಎಸ್ 600 ಇರುವ ಎರಡು ಬೋರ್‌ಗಳಲ್ಲಿ ಒಂದರ ಕೆಎಚ್ 8, ಇನ್ನೊಂದರದು 18 ಇರಬಹುದು.

ಮೂರು ಲೋಟದ ಪರೀಕ್ಷೆ

ಒಂದನೇ ಲೋಟ: ಈಗಷ್ಟೇ ನಲ್ಲಿ ಅಥವಾ ಬೋರ್‌ನಿಂದ ಹಿಡಿದ ನೀರು. ಎರಡನೆಯದು: ಅದೇ ನೀರನ್ನು ಬಕೆಟ್ಟಿನಲ್ಲಿಟ್ಟು, ಏರ್ ಪಂಪಿನ ಕಲ್ಲು ಬಿಟ್ಟು, 24 ಗಂಟೆ ಗುಳ್ಳೆ ಹಾಯಿಸಿದ ನೀರು. ಮೂರನೆಯದು: ಟ್ಯಾಂಕಿನ ನೀರು. ಮೂರರ ಪಿಎಚ್ ಮತ್ತು ಕೆಎಚ್ ಬರೆದಿಟ್ಟುಕೊಳ್ಳಿ.

ಬೋರ್‌ನಿಂದ ಹಿಡಿದ ಕೂಡಲೇ ನೋಡಿದರೆ ಪಿಎಚ್ 7.2 ಬಂದು, ಮಾರನೇ ದಿನ 8.2 ಬಂದರೆ ಗಾಬರಿ ಬೇಡ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದು ನೀರನ್ನು ತುಸು ಆಮ್ಲೀಯವಾಗಿ ತೋರಿಸುತ್ತದೆ. ಗಾಳಿಗೆ ತೆರೆದುಕೊಂಡಾಗ ಆ ಅನಿಲ ಹಾರಿ ಹೋಗಿ ನಿಜವಾದ ಪಿಎಚ್ ಕಾಣುತ್ತದೆ. ನೀವು ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೇ ಲೋಟವನ್ನು. ಹಿಡಿದ ನೀರನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು ಅನ್ನುವುದಕ್ಕೂ ಇದೇ ಕಾರಣ.

ಕೆಎಚ್ ಪರೀಕ್ಷೆ ನೋಡಲು ಚೆಂದ. ಗಾಜಿನ ಕೊಳವೆಯಲ್ಲಿ 5 ಮಿಲಿಲೀಟರ್ ನೀರು ತಗೊಂಡು ಒಂದು ಹನಿ ಹಾಕಿ ಅಲುಗಾಡಿಸಿದರೆ ತಿಳಿ ನೀಲಿ ಬರುತ್ತದೆ. ಇನ್ನೊಂದು ಹನಿ, ಮತ್ತೊಂದು. ಪ್ರತಿ ಹನಿಗೂ ಮುಚ್ಚಳ ಹಾಕಿ ಬುಡಮೇಲು ಮಾಡಬೇಕು. ನೀಲಿ ಹಾಗೇ ಇರುತ್ತದೆ, ಇರುತ್ತದೆ, ಆಮೇಲೆ ಒಂದು ಹನಿಗೆ ಹಸಿರುಛಾಯೆ, ಮುಂದಿನ ಹನಿಗೆ ಪೂರ್ತಿ ಹಳದಿ. ಎಷ್ಟನೇ ಹನಿಗೆ ಹಳದಿಯಾಯಿತೋ ಅಷ್ಟು ಡಿಗ್ರಿ ಕೆಎಚ್. ಒಂದು ಡಿಗ್ರಿ ಅಂದರೆ 17.9 ಪಿಪಿಎಂ (ಲೀಟರಿಗೆ ಮಿಲಿಗ್ರಾಂ). ಮೆದು ನೀರಿನಲ್ಲಿ ಎರಡು ಮೂರು ಹನಿಗೇ ಮುಗಿದುಹೋದರೆ 10 ಮಿಲಿಲೀಟರ್ ನೀರು ತಗೊಂಡು, ಬಂದ ಹನಿಗಳನ್ನು ಅರ್ಧ ಮಾಡಿ. ಲೆಕ್ಕ ಇನ್ನೂ ನಿಖರವಾಗುತ್ತದೆ.

ಗಿಡಗಳಿರುವ ಟ್ಯಾಂಕ್ ಆದರೆ ದಿನಾ ಒಂದೇ ಹೊತ್ತಿಗೆ ಅಳೆಯಿರಿ. ಹಗಲು ಗಿಡಗಳು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದರಿಂದ ಸಂಜೆಯ ಪಿಎಚ್ ಬೆಳಗಿಗಿಂತ ಮೇಲಿರುತ್ತದೆ.

ಕೆಎಚ್ ಅಂದರೆ ಹಗೇವಿನ ಜೋಳ

ನಮ್ಮ ಕಡೆ ಹಿಂದೆ ಜೋಳ, ರಾಗಿ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ನೆಲದೊಳಗೆ ಇರುವುದರಿಂದ ಮೇಲಿನಿಂದ ಎಷ್ಟು ಉಳಿದಿದೆ ಅಂತ ಕಾಣುವುದಿಲ್ಲ. ತೆಗೆದು ತಿನ್ನುತ್ತಿರುವವರೆಗೆ ಮನೆ ನಡೆಯುತ್ತದೆ, ತಳ ಮುಟ್ಟಿದ ದಿನ ಒಮ್ಮೆಲೇ ಬರ. ಟ್ಯಾಂಕಿನಲ್ಲಿ ಹುಟ್ಟುವ ಆಮ್ಲವನ್ನು ಬೈಕಾರ್ಬೊನೇಟ್ ಹಾಗೆ ತಡೆದು ನಿಲ್ಲಿಸುತ್ತದೆ. ಕೆಎಚ್ 10ರಿಂದ 4ಕ್ಕೆ ಇಳಿಯುವವರೆಗೂ ಪಿಎಚ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣದು. 2ರ ಕೆಳಗೆ ಹೋದಾಗ ಪಿಎಚ್ ಒಂದೇ ರಾತ್ರಿಯಲ್ಲಿ ಕುಸಿಯಬಹುದು. ಪಿಎಚ್ ಮಾಪನದಲ್ಲಿ ಒಂದು ಅಂಕಿಯೆಂದರೆ ಹತ್ತು ಪಟ್ಟು: 6ರ ನೀರು 7ರ ನೀರಿಗಿಂತ ಹತ್ತರಷ್ಟು ಆಮ್ಲೀಯ.

ಈ ದಾಸ್ತಾನನ್ನು ಖಾಲಿ ಮಾಡುವುದು ಯಾರು? ಬಹುಪಾಲು ಫಿಲ್ಟರ್ ಬ್ಯಾಕ್ಟೀರಿಯಾ. ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸದಲ್ಲಿ ಆಮ್ಲ ಹುಟ್ಟುತ್ತದೆ. ಕೈಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಟ್ಯಾಂಕಿನಲ್ಲಿ ನೈಟ್ರೇಟ್ 11 ಪಿಪಿಎಂ ಏರಿದರೆ ಸರಿಸುಮಾರು ಒಂದು ಡಿಗ್ರಿ ಕೆಎಚ್ ಖರ್ಚಾಗಿದೆ. ಕೆಎಚ್ 15ರ ಬೋರ್ ನೀರಿನವರಿಗೆ ಇದು ಲೆಕ್ಕಕ್ಕೇ ಇಲ್ಲ. ಕೆಎಚ್ 3ರ ಮೆದು ನೀರಿನವರು ನೀರು ಬದಲಿಸದೆ ಬಿಟ್ಟು ನೈಟ್ರೇಟ್ 30 ದಾಟಿಸಿದರೆ ದಾಸ್ತಾನು ಮುಗಿದಂತೆ. ಒಳ್ಳೆಯ ನೀರು ಸಿಕ್ಕಿದೆ ಅಂತ ಅವರು ಮೈಮರೆಯುವಂತಿಲ್ಲ.

ನೀರಿಗೆ ತಕ್ಕ ಮೀನು

ನನ್ನ ಖಚಿತ ಅಭಿಪ್ರಾಯ: ಮೀನಿಗಾಗಿ ನೀರು ಬದಲಿಸುವ ಮುಂಚೆ ನೀರಿಗೆ ಹೊಂದುವ ಮೀನು ಆರಿಸಿ. ಹೊಸಬರಿಗಂತೂ ಇದೇ ದಾರಿ.

ಕೆಎಚ್ 10ರ ಮೇಲೆ, ಪಿಎಚ್ 7.8ರಿಂದ 8.3 ಇರುವ ಬೋರ್ ನೀರು ಗಪ್ಪಿ, ಮೋಲಿ, ಪ್ಲ್ಯಾಟಿ, ಸ್ವೋರ್ಡ್‌ಟೇಲ್‌ಗಳಿಗೆ ಹೇಳಿ ಮಾಡಿಸಿದ್ದು. ಮೋಲಿಯನ್ನು ಮೆದು ನೀರಿಗೆ ಬಿಟ್ಟರೆ ರೆಕ್ಕೆ ಮುದುರಿಕೊಂಡು ನಿಂತಲ್ಲೇ ತೂಗಾಡತೊಡಗುತ್ತದೆ. ಅದೇ ಮೋಲಿ ನಮ್ಮ ಗಡಸು ನೀರಿನಲ್ಲಿ ಮರಿ ಹಾಕಿ ಮನೆ ತುಂಬಿಸುತ್ತದೆ. ರೇನ್‌ಬೋ ಮೀನುಗಳೂ ಇಲ್ಲಿ ಚೆನ್ನಾಗಿ ಬಣ್ಣ ಕಟ್ಟುತ್ತವೆ. ಕೆಎಚ್ 4ರಿಂದ 8ರ ನಡುವೆ ಆಯ್ಕೆ ದೊಡ್ಡದು: ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಪರ್ಲ್ ಗೌರಾಮಿ, ವಿಡೋ ಟೆಟ್ರಾ, ಕೊರಿಡೋರಾಸ್, ಸಾಕಣೆ ಕೇಂದ್ರಗಳಲ್ಲಿ ಬೆಳೆದ ಏಂಜಲ್. ಕಾರ್ಡಿನಲ್ ಟೆಟ್ರಾ, ರಮ್ಮಿನೋಸ್, ರ‍್ಯಾಮ್, ಡಿಸ್ಕಸ್ ಬೇಕೇ ಬೇಕು ಅನ್ನುವವರು ಆರ್‌ಒ ನೀರು ಬೆರೆಸಲು ಸಿದ್ಧರಾಗಬೇಕು. ಮೋಲಿಯನ್ನೂ ಕಾರ್ಡಿನಲ್ಲನ್ನೂ ಒಂದೇ ಟ್ಯಾಂಕಿನಲ್ಲಿ ಇಟ್ಟರೆ ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ.

‘ಗಾಜು ಕ್ಲೀನ್ ಮಾಡುತ್ತೆ’ ಅಂತ ಕೊಡುವ ಸಕ್ಕರ್ ಮೀನು ಅಡಿಗೂ ಉದ್ದ ಬೆಳೆಯುತ್ತದೆ, ಹಿಕ್ಕೆಯೂ ಅಷ್ಟೇ ಹಾಕುತ್ತದೆ. ಎರಡು ಅಡಿ ಟ್ಯಾಂಕಿಗೆ ಅದು ಬೇಡ. ಬೇಡವಾದಾಗ ಕೆರೆಗೆ ಬಿಡುವುದಂತೂ ಬೇಡವೇ ಬೇಡ. ನಮ್ಮ ಕೆರೆಗಳ ಸ್ಥಳೀಯ ಮೀನುಗಳಿಗೆ ಅದು ಪೀಡೆ, ಕುಂದವಾಡ ಕೆರೆಯಂಥವು ಊರಿಗೆ ಕುಡಿಯುವ ನೀರು ಕೊಡುವ ಜಾಗ.

ಮರಳು ಮತ್ತು ಕಲ್ಲು

ಹೊಳೆ ಮರಳು ಚೆಂದ, ಆದರೆ ಅದರಲ್ಲಿ ಸಣ್ಣ ಸಣ್ಣ ಶಂಖ, ಚಿಪ್ಪಿನ ಚೂರು ಇರುತ್ತವೆ. ಅವು ನಿಧಾನಕ್ಕೆ ಕರಗಿ ಕೆಎಚ್ ಏರಿಸುತ್ತವೆ. ಗಪ್ಪಿ, ಮೋಲಿಯವರಿಗೆ ಇದರಿಂದ ಒಳ್ಳೆಯದೇ; ಮೆದು ನೀರಿನ ಮೀನು ಸಾಕುವವರು ಮರಳನ್ನು ಸೋಸಿ, ಚಿಪ್ಪು ಆರಿಸಿ ತೆಗೆಯಬೇಕು. ಎಂ‑ಸ್ಯಾಂಡ್ ಬೇಡ, ಅಂಚು ಚೂಪು. ತಳ ಕೆದಕಿ ತಿನ್ನುವ ಕೊರಿಡೋರಾಸ್‌ನ ಮೀಸೆ ಸವೆಯುತ್ತದೆ.

ದುರ್ಗದ ಸುತ್ತ ಸಿಗುವ ಬೆಣಚು, ಗ್ರಾನೈಟ್ ನೀರಿಗೆ ಏನೂ ಮಾಡುವುದಿಲ್ಲ. ಸುಣ್ಣಕಲ್ಲು, ಮಾರ್ಬಲ್ ಚೂರು ಮಾಡುತ್ತವೆ. ಅನುಮಾನವಿದ್ದರೆ ಒಣಗಿದ ಕಲ್ಲನ್ನು ಅಂಗಳದಲ್ಲಿಟ್ಟು, ಕೈಗೆ ಗ್ಲೌಸ್ ಹಾಕಿ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಒಂದು ಹನಿ ಬಿಡಿ. ನೊರೆ ಉಕ್ಕಿದರೆ ಅದು ಸುಣ್ಣದ ಕಲ್ಲು. ವಿನೆಗರ್ ದುರ್ಬಲ ಆಮ್ಲ. ಎಷ್ಟೋ ಸಲ ನೊರೆ ಕಾಣುವುದೇ ಇಲ್ಲ. ಪರೀಕ್ಷೆ ಮಾಡಿದ ಕಲ್ಲನ್ನು ಧಾರಾಳ ನೀರಲ್ಲಿ ತೊಳೆದು ಆಮೇಲೆ ಬಳಸಿ.

ಫಿಲ್ಟರ್ ಆರಿಸುವುದು, ತುಂಬುವುದು

ಮೊದಲು ಟ್ಯಾಂಕಿನ ಲೀಟರ್ ತಿಳಿಯಿರಿ: ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿ. 24, 12, 12 ಇಂಚಿನ ಟ್ಯಾಂಕ್ ಅಂದರೆ 56 ಲೀಟರ್ ಚಿಲ್ಲರೆ. ಮರಳು ಕಲ್ಲು ಕಳೆದರೆ 50 ಅಂದುಕೊಳ್ಳಿ. ಇಡೀ ಟ್ಯಾಂಕಿನ ನೀರು ಗಂಟೆಗೆ ನಾಲ್ಕರಿಂದ ಆರು ಸಲ ಫಿಲ್ಟರ್ ಹಾಯಬೇಕು, ಅಂದರೆ 200ರಿಂದ 300 ಲೀಟರ್. ಡಬ್ಬಿಯ ಮೇಲೆ ಬರೆದಿರುವುದು ಖಾಲಿ ಪಂಪಿನ ಲೆಕ್ಕ. ಸ್ಪಾಂಜು, ರಿಂಗು ತುಂಬಿ ನೀರು ಮೇಲೆತ್ತುವಾಗ ಅದರ ಅರ್ಧ, ಮುಕ್ಕಾಲು ಸಿಕ್ಕರೆ ಹೆಚ್ಚು. ಹಾಗಾಗಿ 50 ಲೀಟರಿಗೆ 400–500 ಎಂದು ಬರೆದ ಪಂಪ್ ತಗೊಳ್ಳಿ.

ನಮ್ಮಲ್ಲಿ ಸುಲಭಕ್ಕೆ ಸಿಗುವವು ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್, ನೀರೊಳಗೆ ಮುಳುಗುವ ಪವರ್ ಫಿಲ್ಟರ್, ಟ್ಯಾಂಕಿನ ಮೇಲೆ ಕೂರುವ ಟಾಪ್ ಫಿಲ್ಟರ್, ಬೆನ್ನಿಗೆ ನೇತುಹಾಕುವ ಹ್ಯಾಂಗ್ ಆನ್, ದೊಡ್ಡ ಟ್ಯಾಂಕಿಗೆ ಕ್ಯಾನಿಸ್ಟರ್. ನಾನು ಯಾರು ಕೇಳಿದರೂ ಹೇಳುವುದು: ಒಂದು ಸ್ಪಾಂಜ್ ಫಿಲ್ಟರ್ ಇರಲೇಬೇಕು, ಅದರ ಜೊತೆಗೆ ಟಾಪ್ ಅಥವಾ ಹ್ಯಾಂಗ್ ಆನ್. ಎರಡಿದ್ದರೆ ಒಂದನ್ನು ತೊಳೆದಾಗ ಇನ್ನೊಂದರ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿರುತ್ತದೆ, ಕರೆಂಟ್ ಹೋದಾಗ ಸ್ಪಾಂಜನ್ನು ಬ್ಯಾಟರಿ ಪಂಪಿಗೆ ಸಿಕ್ಕಿಸಬಹುದು.

ಒಳಗೆ ತುಂಬುವ ಕ್ರಮ ನೀರು ಹರಿಯುವ ದಿಕ್ಕಿಗೆ ತಕ್ಕಂತೆ ಇರಬೇಕು. ಮೊದಲು ದೊಡ್ಡ ರಂಧ್ರದ ಸ್ಪಾಂಜು, ಆಮೇಲೆ ಬಿಳಿ ಹತ್ತಿಯ ಪ್ಯಾಡು, ಕೊನೆಗೆ ಸೆರಾಮಿಕ್ ರಿಂಗ್ ಅಥವಾ ಬಯೋ ಬಾಲ್. ರಿಂಗುಗಳನ್ನು ಮೊದಲೇ ಇಟ್ಟರೆ ಹಿಕ್ಕೆ, ಕೆಸರು ಅವುಗಳ ರಂಧ್ರ ಮುಚ್ಚಿ ಬ್ಯಾಕ್ಟೀರಿಯಾಗೆ ಗಾಳಿಯಿಲ್ಲದಂತಾಗುತ್ತದೆ. ಆಕ್ಟಿವೇಟೆಡ್ ಕಾರ್ಬನ್ ದಿನಬಳಕೆಗೆ ಬೇಕಿಲ್ಲ. ಔಷಧಿ ಹಾಕಿದ ಮೇಲೆ ಅದನ್ನು ತೆಗೆಯಲು, ವಾಸನೆ, ಬಣ್ಣ ಹೀರಲು ಅದು ಒಳ್ಳೆಯದು. ಅಮೋನಿಯ, ಗಡಸುತನ ಎರಡಕ್ಕೂ ಅದು ಕೆಲಸಕ್ಕೆ ಬಾರದು, ಮೂರು ನಾಲ್ಕು ವಾರಕ್ಕೆ ಸತ್ವ ಮುಗಿಯುತ್ತದೆ.

ಫಿಲ್ಟರ್‌ನಿಂದ ಬೀಳುವ ನೀರು ಮೇಲ್ಮೈಯನ್ನು ಕದಡುವಂತಿರಲಿ. ಆಮ್ಲಜನಕ ಒಳಬರುವುದೂ, ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಅಲ್ಲಿಯೇ.

ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಟ್ಯಾಂಕ್ ತುಂಬಿ, ಕ್ಲೋರಿನ್ ತೆಗೆದು, ಫಿಲ್ಟರ್ ಓಡಿಸಿ. ಮೀನು ಬೇಡ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬನ್ನಿ. ಅದು ಕೊಳೆತು ಅಮೋನಿಯ ಆಗುತ್ತದೆ. ಅಮೋನಿಯ ಏರುತ್ತದೆ, ಇಳಿಯುವಾಗ ನೈಟ್ರೈಟ್ ಏರುತ್ತದೆ, ಅದು ಇಳಿಯುವಾಗ ನೈಟ್ರೇಟ್. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಸ್ನೇಹಿತರ ಹಳೆಯ, ರೋಗವಿಲ್ಲದ ಟ್ಯಾಂಕಿನ ಸ್ಪಾಂಜನ್ನು ನಿಮ್ಮ ನೀರಿನಲ್ಲಿ ಹಿಂಡಿದರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಆಹಾರ ಹಾಕುತ್ತಿದ್ದರೂ ಅಮೋನಿಯ, ನೈಟ್ರೈಟ್ ಎರಡೂ ಸತತವಾಗಿ ಸೊನ್ನೆ ತೋರಿಸಿದರೆ ಮೀನು ತರಬಹುದು.

ನಡುವೆ ಎಲ್ಲವೂ ನಿಂತಂತಾದರೆ ಕೆಎಚ್ ನೋಡಿ. ಪಿಎಚ್ 6.5ರ ಕೆಳಗೆ ಈ ಬ್ಯಾಕ್ಟೀರಿಯಾ ಮಂದವಾಗುತ್ತವೆ, 6ರ ಹತ್ತಿರ ಬಹುತೇಕ ಕೈಚೆಲ್ಲುತ್ತವೆ.

ಬೋರ್ ನೀರಿನವರು ಈ ಹಂತವನ್ನು ಹಾರಿಸಲೇಬಾರದು. ಅಮೋನಿಯ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ. ವಿಷವಾಗುವುದು ಮುಖ್ಯವಾಗಿ ಒಂದು ರೂಪ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ವಿಷರೂಪ ಶೇ 0.6ರಷ್ಟು, ಪಿಎಚ್ 8 ಇದ್ದರೆ ಶೇ 5ಕ್ಕೂ ಹೆಚ್ಚು. ಕಿಟ್ ತೋರಿಸುವ ಅಂಕಿ ಒಂದೇ, ಮೀನಿಗೆ ತಗಲುವ ಪೆಟ್ಟು ಒಂಬತ್ತು ಹತ್ತು ಪಟ್ಟು. ಅಂದರೆ ನಮ್ಮ ನೀರಿನಲ್ಲಿ ಪಿಎಚ್ ಎಂಟು ಇರುವುದು ಸಮಸ್ಯೆಯಲ್ಲ. ಪಿಎಚ್ ಎಂಟರ ನೀರಿನಲ್ಲಿ ಫಿಲ್ಟರ್‌ಗೆ ಬ್ಯಾಕ್ಟೀರಿಯಾ ಇನ್ನೂ ಕೂತಿಲ್ಲದಿರುವುದು ಸಮಸ್ಯೆ.

ಪಿಎಚ್ ಇಳಿಸಲೇಬೇಕೆಂದರೆ

ನಿಂಬೆಹಣ್ಣು, ವಿನೆಗರ್, ಹುಣಸೆಹುಳಿ, ‘ಪಿಎಚ್ ಡೌನ್’ ಬಾಟ್ಲಿ, ಇವೆಲ್ಲ ಮಾಡುವುದು ಒಂದೇ ಕೆಲಸ. ಆಮ್ಲ ಬೈಕಾರ್ಬೊನೇಟಿಗೆ ತಗಲಿ ಇಂಗಾಲದ ಡೈಆಕ್ಸೈಡ್ ಏಳುತ್ತದೆ, ಪಿಎಚ್ ಇಳಿದಂತೆ ಕಾಣುತ್ತದೆ, ಅನಿಲ ಹಾರಿದ ಮೇಲೆ ಉಳಿದ ಕೆಎಚ್ ಮತ್ತೆ ಮೇಲೆತ್ತುತ್ತದೆ. ಮನೆಯ ಹುಳಿಗಳು ಸಾಲದ್ದಕ್ಕೆ ನೀರನ್ನು ಕಲಕಲು ಮಾಡುತ್ತವೆ. ಪಟಿಕವೂ ಬೇಡ. ಮಳೆಗಾಲದಲ್ಲಿ ನಲ್ಲಿಯಲ್ಲಿ ಕೆಂಪು ನೀರು ಬಂದಾಗ ಕೊಡದಲ್ಲಿ ಪಟಿಕ ಆಡಿಸುವುದು ನಮ್ಮ ಮನೆಗಳ ರೂಢಿ. ಅದು ಕೆಎಚ್ ತಿಂದು ಪಿಎಚ್ ಇಳಿಸುತ್ತದೆ, ಅದರ ಅಲ್ಯುಮಿನಿಯಂ ಮೀನಿನ ಕಿವಿರಿಗೆ ಒಳ್ಳೆಯದಲ್ಲ.

ಸರಿಯಾದ ದಾರಿ ಕೆಎಚ್ ಇಳಿಸುವುದು, ಅದಕ್ಕೆ ಆರ್‌ಒ ನೀರು ಅಥವಾ ಮಳೆ ನೀರು ಬೆರೆಸುವುದು. ಲೆಕ್ಕ ಸುಲಭ. ಬೇಕಾದ ಕೆಎಚ್ ಅನ್ನು ಬೋರ್‌ನ ಕೆಎಚ್‌ನಿಂದ ಭಾಗಿಸಿ. ಬೋರ್ 16 ಇದೆ, ನಿಮಗೆ 6 ಬೇಕು: 6 ಭಾಗಿಸು 16 ಅಂದರೆ 0.375. ಇಪ್ಪತ್ತು ಲೀಟರಿನಲ್ಲಿ ಏಳೂವರೆ ಲೀಟರ್ ಬೋರ್, ಹನ್ನೆರಡೂವರೆ ಲೀಟರ್ ಆರ್‌ಒ. ಘಟಕದ ಕ್ಯಾನ್ ನೀರಿನ ಕೆಎಚ್ ಅನ್ನೂ ಒಮ್ಮೆ ಅಳೆಯಿರಿ. ಕೆಲವು ಕಡೆ ಖನಿಜ ಸೇರಿಸಿರುತ್ತಾರೆ. ಬರೀ ಆರ್‌ಒ ನೀರಿನಲ್ಲಿ ಮೀನು ಬಿಡಬೇಡಿ, ಅದರಲ್ಲಿ ಮೀನಿಗೆ ಬೇಕಾದ ಖನಿಜವೂ ಇಲ್ಲ, ಪಿಎಚ್ ಹಿಡಿಯುವ ಶಕ್ತಿಯೂ ಇಲ್ಲ.

ಇಡೀ ಟ್ಯಾಂಕನ್ನು ಒಮ್ಮೆಲೇ ಬದಲಿಸದೆ, ವಾರಕ್ಕೆ ಐದನೇ ಒಂದು ಭಾಗದಂತೆ ಬೆರೆಸಿದ ನೀರು ಹಾಕುತ್ತಾ ಹೋಗಿ. ಪಿಎಚ್ ದಿನಕ್ಕೆ 0.2, 0.3ಕ್ಕಿಂತ ಹೆಚ್ಚು ಸರಿಯಬಾರದು.

ಕೆಎಚ್ 5ರ ಒಳಗೆ ಬಂದ ಮೇಲೆ ಮಾತ್ರ ಪಿಎಚ್ ಇಳಿಸಲು ಹಾಕುವ ಕಟ್ಟಿಗೆ, ಎಲೆಗಳಿಗೆ ಅರ್ಥ. ರಸ್ತೆ ಬದಿ ನೆರಳಿಗೆ ನೆಟ್ಟ ಕಾಡು ಬಾದಾಮಿ ಮರದ ತಾನಾಗಿ ಉದುರಿದ, ಕಂದು ಬಣ್ಣಕ್ಕೆ ತಿರುಗಿದ ಎಲೆ ತಂದು ತೊಳೆದು ಒಣಗಿಸಿ, ಮೂವತ್ತು ನಲವತ್ತು ಲೀಟರಿಗೆ ಒಂದರಂತೆ ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಟೆಟ್ರಾಗಳಿಗೆ ಇಷ್ಟ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ಬಣ್ಣವನ್ನೆಲ್ಲ ಅದು ಹೀರಿಬಿಡುತ್ತದೆ, ತೆಗೆದಿಡಿ. ಕೆಎಚ್ 15ರ ನೀರಿಗೆ ಒಂದು ಮೂಟೆ ಎಲೆ ಹಾಕಿದರೂ ಪಿಎಚ್ ಕದಲುವುದಿಲ್ಲ.

ಪಿಎಚ್ ತಾನಾಗಿ ಕುಸಿದಿದ್ದರೆ

ತಿಂಗಳುಗಟ್ಟಲೆ ನೀರು ಬದಲಿಸದ ಹಳೆಯ ಟ್ಯಾಂಕಿನಲ್ಲಿ ಪಿಎಚ್ 6, ಕೆಎಚ್ ಸೊನ್ನೆ ಕಂಡರೆ ಅವಸರಪಟ್ಟು ಅರ್ಧ ಟ್ಯಾಂಕ್ ಬೋರ್ ನೀರು ಸುರಿಯಬೇಡಿ. ಬ್ಯಾಕ್ಟೀರಿಯಾ ನಿಂತು ಅಮೋನಿಯ ಕೂಡಿಕೊಂಡಿರುತ್ತದೆ, ಕಡಿಮೆ ಪಿಎಚ್‌ನಲ್ಲಿ ಅದು ನಿರುಪದ್ರವಿ ರೂಪದಲ್ಲಿ ಮಲಗಿರುತ್ತದೆ. ಪಿಎಚ್ ದಿಢೀರನೆ 8ಕ್ಕೆ ಏರಿದರೆ ಅದರಲ್ಲಿ ದೊಡ್ಡ ಪಾಲು ವಿಷವಾಗುತ್ತದೆ.

ಮೊದಲು ಅಮೋನಿಯ ಅಳೆಯಿರಿ. ಇದ್ದರೆ, ಟ್ಯಾಂಕಿನಷ್ಟೇ ಮೆದುವಾದ ನೀರಿನಿಂದ ದಿನಾ ಶೇ 10ರಷ್ಟು ಬದಲಿಸಿ ಅದನ್ನು ತಗ್ಗಿಸಿ, ಆಹಾರ ನಿಲ್ಲಿಸಿ. ಆಮೇಲೆ ಕೆಎಚ್ ಏರಿಸಿ. ಅಡುಗೆ ಸೋಡಾ ಸಾಕು. ಬೇಕಿಂಗ್ ಪೌಡರ್ ಅಲ್ಲ, ಬಟ್ಟೆ ಸೋಡಾ ಖಂಡಿತ ಅಲ್ಲ. 50 ಲೀಟರಿಗೆ 6 ಗ್ರಾಂ, ಅಂದರೆ ಸಮತಟ್ಟಾದ ಒಂದು ಟೀ ಚಮಚ, ಕೆಎಚ್ ಅನ್ನು ಸುಮಾರು 4 ಡಿಗ್ರಿ ಏರಿಸುತ್ತದೆ. ಒಂದೇ ಸಲ ಬೇಡ: ಕಾಲು ಚಮಚವನ್ನು ಮಗ್ಗಿನ ನೀರಿನಲ್ಲಿ ಕರಗಿಸಿ ನಾಲ್ಕು ದಿನ ಹಾಕಿ. ಮುಂದೆ ಹೀಗಾಗದಿರಲು ಒಂದು ಹಿಡಿ ಕಪ್ಪೆಚಿಪ್ಪನ್ನು ಕುದಿಸಿ, ಒಡೆದು, ಬಲೆಯ ಚೀಲದಲ್ಲಿ ಫಿಲ್ಟರ್‌ಗೆ ಹಾಕಿಡಿ. ನೀರು ಆಮ್ಲೀಯವಾದಾಗ ಅದು ಬೇಗ ಕರಗುತ್ತದೆ, ಕ್ಷಾರೀಯವಿದ್ದಾಗ ಸುಮ್ಮನಿರುತ್ತದೆ.

ವಾರದ ಕೆಲಸ

ಹಿಂದಿನ ದಿನ ಡ್ರಮ್ ತುಂಬಿ ಗುಳ್ಳೆ ಹಾಯಿಸಲು ಬಿಡಿ. ನಲ್ಲಿ ನೀರಿನ ಕ್ಲೋರಿನ್ ಇದರಲ್ಲೇ ಬಹಳಷ್ಟು ಹೋಗುತ್ತದೆ. ಓವರ್‌ಹೆಡ್ ಟ್ಯಾಂಕ್ ತೊಳೆದು ಬ್ಲೀಚಿಂಗ್ ಹಾಕಿದ ವಾಸನೆ ಬಂದರೆ ಆ್ಯಂಟಿ ಕ್ಲೋರಿನ್ ಹನಿಯನ್ನೂ ಹಾಕಿ. ಸೈಫನ್ ಪೈಪಿನಿಂದ ಮರಳಿನ ಮೇಲಿನ ಹೊಲಸು ಎಳೆಯುತ್ತಾ ಕಾಲು ಭಾಗ ನೀರು ತೆಗೆಯಿರಿ. ಅದರಲ್ಲಿ ಒಂದು ಬಕೆಟ್ ಚೆಲ್ಲದೆ ಇಟ್ಟುಕೊಳ್ಳಿ, ಸ್ಪಾಂಜು ತೊಳೆಯಲು ಅದೇ ಬೇಕು. ಉಳಿದದ್ದು ಗಿಡಗಳಿಗೆ ಒಳ್ಳೆಯ ಗೊಬ್ಬರ. ಡ್ರಮ್ಮಿನ ಮೂಲ ಬದಲಾಗಿದ್ದರೆ ಆ ವಾರ ಶೇ 10 ಮಾತ್ರ ಬದಲಿಸಿ.

ಫಿಲ್ಟರ್ ತೊಳೆಯುವುದು ವಾರದ ಲೆಕ್ಕಕ್ಕಲ್ಲ, ನೀರು ಬೀಳುವ ರಭಸ ತಗ್ಗಿದಾಗ. ಸ್ಪಾಂಜನ್ನು ಟ್ಯಾಂಕಿನದೇ ನೀರಿನ ಬಕೆಟ್ಟಿನಲ್ಲಿ ನಾಲ್ಕು ಸಲ ಹಿಂಡಿದರೆ ಕಂದು ಗಸಿ ಇಳಿಯುತ್ತದೆ, ಅಷ್ಟು ಸಾಕು. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ಮಾಡಿದರೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ತೊಳೆದು ಹಾಕುತ್ತದೆ, ಟ್ಯಾಂಕ್ ಮೊದಲ ದಿನದ ಸ್ಥಿತಿಗೆ ಬರುತ್ತದೆ. ಹತ್ತಿ ಪ್ಯಾಡ್ ಬದಲಿಸಬಹುದು. ರಿಂಗುಗಳನ್ನು ಒಟ್ಟಿಗೆ ಎಂದೂ ಬದಲಿಸಬಾರದು.

ಬೇಸಿಗೆ ಮತ್ತು ಕರೆಂಟ್

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 38 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 32ರಲ್ಲಿ ಸುಮಾರು 7. ಬಿಸಿ ಹೆಚ್ಚಿದಷ್ಟೂ ಅಮೋನಿಯದ ವಿಷರೂಪವೂ ಹೆಚ್ಚು. ಮುಚ್ಚಳ ತೆಗೆದು ಜಾಲರಿ ಹಾಕಿ, ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಲು ಬಿಡಿ. ನಮ್ಮ ಒಣ ಹವೆಯಲ್ಲಿ ಆವಿಯಾಗಿಯೇ ನೀರು ಎರಡು ಮೂರು ಡಿಗ್ರಿ ತಂಪಾಗುತ್ತದೆ.

ಆದರೆ ಆವಿಯಾಗುವುದು ನೀರು ಮಾತ್ರ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಇಳಿದ ಮಟ್ಟವನ್ನು ಮತ್ತೆ ಬೋರ್ ನೀರಿನಿಂದಲೇ ತುಂಬಿಸುತ್ತಾ ಹೋದರೆ ಮೇ ಕೊನೆಗೆ ಗಡಸುತನ ಎಲ್ಲೋ ಹೋಗಿರುತ್ತದೆ. ಬರೀ ಮಟ್ಟ ತುಂಬಿಸಲು ಆರ್‌ಒ ನೀರು ಬಳಸಿ. ಬೆರಕೆಯಿಲ್ಲದ ಆರ್‌ಒ ನೀರು ನೇರವಾಗಿ ಹಾಕಬಹುದಾದ ಸಂದರ್ಭ ಇದೊಂದೇ.

ಕರೆಂಟ್ ಒಂದೆರಡು ಗಂಟೆ ಹೋದರೆ ಆತಂಕವಿಲ್ಲ. ಹೆಚ್ಚು ಹೊತ್ತಾದರೆ ಮುಚ್ಚಿದ ಕ್ಯಾನಿಸ್ಟರ್ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಅದನ್ನು ಹಾಗೇ ಓಡಿಸಬೇಡಿ. ಒಳಗಿನ ಕೊಳೆತ ನೀರು ಚೆಲ್ಲಿ, ಸ್ಪಾಂಜು, ರಿಂಗುಗಳನ್ನು ಟ್ಯಾಂಕ್ ನೀರಿನಲ್ಲಿ ಜಾಲಿಸಿ ಆಮೇಲೆ ಹಚ್ಚಿ. ಏರ್ ಪಂಪ್ ಎಳೆಯುವುದು ಕೆಲವೇ ವ್ಯಾಟ್, ಮನೆಯ ಇನ್ವರ್ಟರ್‌ಗೆ ಅದು ಭಾರವೇ ಅಲ್ಲ. ಆ ಒಂದು ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಹಾಕಿಸಿಕೊಳ್ಳಿ.

ಹೊಸ ಮೀನು ತಂದಾಗ

ನಮ್ಮ ಅಂಗಡಿಗಳ ಮೀನು ಬಹಳಷ್ಟು ಬರುವುದು ಬೆಂಗಳೂರಿನಿಂದ, ಚೆನ್ನೈನ ಕೊಳತ್ತೂರಿನಿಂದ. ಅಂಗಡಿಯಲ್ಲಿ ಒಂದು ವಾರವಾದರೂ ಉಳಿದ ಮೀನು ನಮ್ಮ ನೀರಿಗೆ ಸ್ವಲ್ಪ ಒಗ್ಗಿರುತ್ತದೆ. ಅಂಥದ್ದನ್ನೇ ಕೇಳಿ ತಗೊಳ್ಳಿ. ಅಂಗಡಿಯ ನೀರಿನ ಕೆಎಚ್ ಕೇಳಿ, ಗೊತ್ತಿಲ್ಲ ಅಂದರೆ ಚೀಲದ ನೀರನ್ನೇ ಅಳೆಯಿರಿ. ಹತ್ತಿರದಿಂದ ತಂದಿದ್ದರೆ ಚೀಲವನ್ನು ಕಾಲು ಗಂಟೆ ತೇಲಿಬಿಟ್ಟು, ಆಮೇಲೆ ಸಣ್ಣ ಪೈಪಿನಿಂದ ಹನಿಹನಿಯಾಗಿ ಟ್ಯಾಂಕ್ ನೀರು ಸೇರಿಸುತ್ತಾ ಮುಕ್ಕಾಲು ಗಂಟೆ ತಗೊಳ್ಳಿ.

ರಾತ್ರಿ ಬಸ್ಸಿನಲ್ಲಿ ಪಾರ್ಸಲ್ ಬಂದ ಚೀಲಕ್ಕೆ ಈ ವಿಧಾನ ಬೇಡ. ಹತ್ತಾರು ಗಂಟೆ ಮುಚ್ಚಿದ ಚೀಲದಲ್ಲಿ ಮೀನಿನ ಉಸಿರಿನಿಂದ ಪಿಎಚ್ ಇಳಿದಿರುತ್ತದೆ, ಅಮೋನಿಯ ಕೂಡಿರುತ್ತದೆ. ಗಂಟು ಬಿಚ್ಚಿದ ಕ್ಷಣದಿಂದ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ಏರತೊಡಗುತ್ತದೆ, ಅಮೋನಿಯ ವಿಷವಾಗುತ್ತದೆ. ಹಾಗಾಗಿ ಬಿಚ್ಚದೆ ತೇಲಿಬಿಟ್ಟು ಬಿಸಿ ಸಮ ಮಾಡಿ, ಬಿಚ್ಚಿದ ಮೇಲೆ ತಡ ಮಾಡದೆ ಮೀನನ್ನು ಬಲೆಯಲ್ಲಿ ಎತ್ತಿ ಬೇರೆ ಟ್ಯಾಂಕಿಗೆ ಬಿಡಿ. ಆ ಟ್ಯಾಂಕಿನ ಕೆಎಚ್ ಅನ್ನು ಮೊದಲೇ, ಕಳಿಸಿದವರನ್ನು ಕೇಳಿಕೊಂಡು, ಅವರ ನೀರಿಗೆ ಹತ್ತಿರ ಬರುವಂತೆ ಬೆರೆಸಿಟ್ಟಿರಬೇಕು. ಚೀಲದ ನೀರು ಒಂದು ಹನಿಯೂ ಒಳಗೆ ಹೋಗುವುದು ಬೇಡ. ಮೊದಲ ದಿನ ಆಹಾರ ಹಾಕಬೇಡಿ. ಎರಡು ಮೂರು ವಾರ ಅಲ್ಲೇ ಇಟ್ಟು, ನಿಮ್ಮ ಡ್ರಮ್ಮಿನ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಒಗ್ಗಿಸಿ. ಆ ದಿನಗಳಲ್ಲಿ ದಿನ ಬಿಟ್ಟು ದಿನ ಅಮೋನಿಯ ಅಳೆಯುತ್ತಿರಿ, 0.25 ಕಂಡರೂ ಅದೇ ಹೊತ್ತಿಗೆ ಕಾಲು ಭಾಗ ನೀರು ಬದಲಿಸಿ, ದೊಡ್ಡ ಟ್ಯಾಂಕಿನ ಹಳೆಯ ಸ್ಪಾಂಜನ್ನು ಅಲ್ಲಿಗೆ ಹಾಕಿ.